ಭಾವಚಿತ್ರ ದೊರೆತಿಲ್ಲ

ಗಜೇಂದ್ರಗಡ
೯ ಫೆಬ್ರುವರಿ ೨೦೨೫

ಶ್ರೀ ಶಿವನಪ್ಪ ಹೊಳೆಮಣ್ಣೂರ ಮಾಸ್ತರರಿಗೆ, ಖಾದರ ಹೊಳೆಮಣ್ಣೂರ ಮಾಡುವ ನಮಸ್ಕಾರಗಳು.

ಇಪ್ಪತ್ತಾರು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಫೋನ್ ನಂಬರು ನರೇಗಲ್ಲಿನ ಸಂತೆಯಲ್ಲಿ ಒಬ್ಬರು ಕೊಟ್ಟರು. ಆದರೆ ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಏನು ಆಡಿಬಿಡುತ್ತೇನೋ ಎಂದು ನನಗೇ ಹೆದರಿಕೆ. ಕಾಗದದಲ್ಲಾದರೆ ಹೆಚ್ಚುಕಡಿಮೆಯಾದದ್ದನ್ನು ಹರಿದು ಇನ್ನೊಂದು ಬರೆಯಬಹುದು. ಇದು ಮೂರನೆಯ ಹಾಳೆ.

ವಿಷಯ ನನ್ನ ತಾಯಿಯದು. ಅಮ್ಮನಿಗೆ ಈಗ ಎಂಬತ್ತೇಳು. ಹತ್ತು ವರ್ಷಗಳಿಂದ ಕಣ್ಣಿಗೆ ಪೊರೆ ಬಂದು ಮನುಷ್ಯರನ್ನು ಕೆಮ್ಮಿನಿಂದ, ಚಪ್ಪಲಿಯ ಸಪ್ಪಳದಿಂದ ಗುರುತು ಹಿಡಿಯುತ್ತಿದ್ದಳು. ಕಳೆದ ತಿಂಗಳು ಗದಗಿನಲ್ಲಿ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದಾಗ ಮೊದಲು ನನ್ನನ್ನು ನೋಡಿ “ಇಷ್ಟ್ಯಾಕ ಮುದುಕ ಆಗೀಯೋ ಖಾದರ?” ಎಂದಳು. ಎಲ್ಲರೂ ನಕ್ಕೆವು. ಮನೆಗೆ ಬಂದವಳೇ ನಾಲ್ಕೂ ಗೋಡೆ ನೋಡಿದಳು. “ಅಬ್ಬಾನ ಫೋಟೋ ಎಲ್ಲೈತಿ? ಈಗ ಕಣ್ಣು ಬಂದಾವು, ತಾ, ನೋಡ್ತೀನಿ” ಎಂದಳು.

ಕಳೆದುಹೋಗಿದೆ ಎಂದು ಹಿಂದೆಯೇ ಹೇಳಿದ್ದೆವು. ಅವಳಿಗೆ ಅದು ಮರೆತಿದೆಯೋ, ಅಥವಾ ಅವಳು ಅದನ್ನು ಎಂದೂ ಒಪ್ಪಿಲ್ಲವೋ ತಿಳಿಯದು.

ನಿಮಗೆ ನೆನಪಿರಬೇಕು. ೧೯೯೮ರಲ್ಲಿ ‘ಹೊಳೆಮಣ್ಣೂರ ಅಡ್ಡಹೆಸರಿನ ಮಹನೀಯರು’ ಪುಸ್ತಕಕ್ಕೆಂದು ನನ್ನ ಅಜ್ಜ ಸುಭಾನಸಾಬರ, ಅಂದರೆ ಅಮ್ಮನ ತಂದೆಯ (ನಮ್ಮ ಮನೆಗೆ ಈ ಅಡ್ಡಹೆಸರು ಬಂದದ್ದು ಅವರಿಂದಲೇ) ಫೋಟೋವನ್ನು ನೀವು ಒಯ್ದಿರಿ. ನಾಟಕ ಕಂಪನಿಯವರು ತೆಗೆಸಿದ್ದ ಒಂದೇ ಒಂದು ಫೋಟೋ ಅದು. ಪುಸ್ತಕ ಬಂದಾಗ ಅವರ ಪುಟದಲ್ಲಿ ಒಂದು ಖಾಲಿ ಚೌಕವಿತ್ತು. ಅದರೊಳಗೆ ‘ಭಾವಚಿತ್ರ ದೊರೆತಿಲ್ಲ’ ಎಂದು ಅಚ್ಚಾಗಿತ್ತು. ಪ್ರೆಸ್ಸಿನವರು ಕಳೆದರು ಎಂದಿರಿ. ನಾನು ನಿಮ್ಮ ಮನೆಯ ಬಾಗಿಲಲ್ಲಿ ನಿಂತು ಆಡಬಾರದ್ದು ಆಡಿ ಬಂದೆ.

ಈಗ ಕೇಳುವುದು ಇಷ್ಟೇ. ಆ ಪ್ರೆಸ್ಸಿನ ಹಳೇ ಸಾಮಾನಿನಲ್ಲಿ ಬ್ಲಾಕು, ನೆಗೆಟಿವ್, ಏನಾದರೂ ಉಳಿದಿರಬಹುದೇ? ವಿಚಾರಿಸಿದರೆ ಉಪಕಾರವಾಗುತ್ತದೆ.

ನರಗುಂದದ ಹೈಸ್ಕೂಲಿನ ಮುಂದೆ ನಿಮ್ಮ ಅಜ್ಜ ಕನಕಪ್ಪನವರ ಕಲ್ಲಿನ ಮೂರ್ತಿ ಆಗಸ್ಟ್ ಹದಿನೈದಕ್ಕೆ ಕೂಡುವುದಂತೆ, ಪೇಪರಿನಲ್ಲಿ ಓದಿದೆ. ಸಂತೋಷ.

ಇಂತಿ,
ಖಾದರ ಹೊಳೆಮಣ್ಣೂರ, ಟೇಲರ್


ರೋಣ
೨೧ ಫೆಬ್ರುವರಿ ೨೦೨೫

ಪ್ರೀತಿಯ ಖಾದರನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು. ಇನ್ನೂ ‘ಣ’ಕಾರಕ್ಕೆ ಅಷ್ಟು ದೊಡ್ಡ ಹೊಟ್ಟೆ ಬರೆಯುತ್ತೀಯ. ಒಳಗೆ ನೋಡಿದರೆ ‘ನೀವು’, ‘ನಿಮ್ಮ’. ಕಾಗದ ಕೆಳಗಿಟ್ಟು ಅಂಗಳದಲ್ಲಿ ಒಂದು ಸುತ್ತು ತಿರುಗಾಡಿ ಬಂದೆ. ನೀನು ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನರೇಗಲ್ಲಿನ ಹೈಸ್ಕೂಲಿನಲ್ಲಿ ಹೊಸ ಮಾಸ್ತರರು ಹಾಜರಿ ಕೂಗಿದ್ದು ನೆನಪಿದೆಯೇ? ಹೊಳೆಮಣ್ಣೂರ ಖಾದರ, ಹೊಳೆಮಣ್ಣೂರ ಶಿವನಪ್ಪ. “ಅಣ್ಣತಮ್ಮರೇನ್ರೋ?” ಎಂದು ಕೇಳಿದರು. ನೀನು ಮುಖ ಗಟ್ಟಿ ಮಾಡಿಕೊಂಡು “ಹೌದ್ರಿ ಸರ” ಎಂದೆ. ಅವರು ನಂಬಿ ಒಂದು ವಾರ ನನ್ನ ತಪ್ಪಿಗೆ ನಿನಗೂ ಛಡಿ ಏಟು ಕೊಟ್ಟರು. ಮನೆಗೆ ಬಂದು ಕೇಳಿದಾಗ ನಮ್ಮಪ್ಪ ವಿವರಿಸಿದ. ಮಲಪ್ರಭೆ ಊರೊಳಗೆ ನುಗ್ಗಿದ ವರ್ಷ ಹೊಳೆಮಣ್ಣೂರು ಬಿಟ್ಟವರು ಒಂದೊಂದು ದಿಕ್ಕಿಗೆ ಹೋದರು. ಹೋದ ಊರಿನವರು ಜಾತಿ, ಕಸುಬು ಯಾವುದನ್ನೂ ಹಿಡಿಯದೆ “ಹೊಳೆಮಣ್ಣೂರದವರು” ಎಂದು ಕರೆದುಬಿಟ್ಟರು. ಹೊಳೆಮಣ್ಣೂರಿನಲ್ಲೇ ಹುಡುಕಿದರೆ ಆ ಅಡ್ಡಹೆಸರಿನ ಒಂದು ಮನೆಯೂ ಸಿಗುವುದಿಲ್ಲ.

ಆ ಪುಸ್ತಕದ ವಿಚಾರ ಹೊಳೆದದ್ದೂ ನಿನಗೇ ಅಲ್ಲವೇ? ನಿನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಬೆರಳು ಮಡಿಚಿದ್ದೆವು. ಕರನಿರಾಕರಣೆಯಲ್ಲಿ ಜೈಲಿಗೆ ಹೋದ ನಮ್ಮ ಅಜ್ಜ ಕನಕಪ್ಪ. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ, ನಿನ್ನ ಅಜ್ಜ ಸುಭಾನಸಾಬ. ನರಗುಂದದ ಪೈಲ್ವಾನ ಸಂಗನಬಸವ. ಊರೂರಿಗೆ ನಡೆದು ಹೋಗಿ ಬಾಣಂತನ ಮಾಡಿದ ಸೂಲಗಿತ್ತಿ ಮಾಯವ್ವ. ನಾಲ್ವರೂ ಹೊಳೆಮಣ್ಣೂರದವರೇ, ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಒಂದೇ ಸೈಕಲ್ಲಿನಲ್ಲಿ ಅಸೂಟಿಯಿಂದ ಹಿಡಿದು ಎಲ್ಲ ಊರು ಸುತ್ತಿ ವಿಷಯ ಕೂಡಿಸಿದೆವು. ತುಳಿದವನು ನೀನೇ, ನಾನು ಹಿಂದೆ ಕೂತು ದಾರಿ ಹೇಳುತ್ತಿದ್ದೆ.

ತಾಯಿಯವರಿಗೆ ಕಣ್ಣು ಬಂದದ್ದು ಕೇಳಿ ಬಹಳ ಹಿಗ್ಗಾಯಿತು. ಫೋಟೋದ ಮಾತು. ಗದಗಿನ ಆ ಪ್ರೆಸ್ಸು ಮುಚ್ಚಿ ಬಹಳ ದಿನವಾಯಿತು. ಆದರೂ ನಾನು ಹೋಗಿ ಅವರ ಮಕ್ಕಳನ್ನು ಕೇಳಿ ಬರುತ್ತೇನೆ. ಹಳೇ ಕಪಾಟುಗಳಲ್ಲಿ ಏನಾದರೂ ಇದ್ದೀತು. ಖಾತ್ರಿ ಹೇಳಲಾರೆ. ತಾಯಿಯವರಿಗೆ ಹೆಚ್ಚು ಆಸೆ ಹುಟ್ಟಿಸಬೇಡ.

ನಿನ್ನ,
ಶಿವನಪ್ಪ


ಗಜೇಂದ್ರಗಡ
೮ ಮಾರ್ಚ್ ೨೦೨೫

ಶಿವನಪ್ಪ ಮಾಸ್ತರರಿಗೆ,

ಕಾಗದ ಮುಟ್ಟಿತು. ನೀವು ಗದಗಿಗೆ ಹೋಗುವ ವಿಷಯ ಅಮ್ಮನಿಗೆ ಓದಿ ಹೇಳಿದೆ. ಹೇಳಬಾರದಿತ್ತೇನೋ. ಅವಳು ನನ್ನನ್ನು ಮಷೀನಿನಿಂದ ಎಬ್ಬಿಸಿ ತನ್ನ ಮುಂದೆ ಕೂಡಿಸಿಕೊಂಡಳು.

“ಅಷ್ಟು ಫೋಟೋದಾಗ ಅವನಿಗೆ ಹ್ಯಾಂಗ ಗುರ್ತ ಸಿಗತೈತಿ? ನಾ ಹೇಳ್ತೀನಿ, ಬರಕೋ” ಎಂದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

“ತಲೀಮ್ಯಾಲೆ ಕರೀ ಟೊಪಗಿ. ಗಡ್ಡ ಸಣ್ಣದು. ಕಿವಿ ದೊಡ್ಡವು. ಎಡಹುಬ್ಬಿನಾಗ ಗಾಯ ಆಗಿತ್ತು, ಅಲ್ಲಿ ಕೂದಲಾ ಇಲ್ಲ. ಮೂಗು ತುದಿಗೆ ಒಂದೀಟ ಬಲಕ್ಕ ವಾಲೇತಿ. ನಗಾಕತ್ತಿಲ್ಲ, ಆದ್ರ ಈಗ ನಗತಾನ ಅನಸತೈತಿ.”

ಮತ್ತೆ ಹೇಳಿದಳು: “ಅಬ್ಬಾ ಸತ್ತಾಗ ನನಗ ಹತ್ತು ವರ್ಷ. ಮುಖಾ ನೆನಪೈತಿ ಅಂತ ತಿಳಕೊಂಡಿದ್ದೆ. ಖರೇ ಅಂದ್ರ ನನಗ ನೆನಪಿದ್ದದ್ದು ಫೋಟೋದಾಗಿನ ಮುಖಾ. ಅದನ್ನ ನೋಡಲಾರದ ನೋಡಲಾರದ ಅದೂ ಸವದು ಹೋತು.”

ಡಾಕ್ಟರ್ ಬೇಡವೆಂದರೂ ರಮಜಾನಿನ ರೋಜಾ ಹಿಡಿದಿದ್ದಾಳೆ. ನಮಾಜು ಮುಗಿಸಿ ದುವಾ ಕೇಳುವಾಗ ನಿಮ್ಮ ಹೆಸರನ್ನೂ ಸೇರಿಸುತ್ತಾಳೆ. ಪಕ್ಕದಲ್ಲಿ ಕೂತು ಕೇಳಿದ್ದೇನೆ.

ಇನ್ನೊಂದು ಮಾತು. ಆವತ್ತು ನಿಮ್ಮ ಬಾಗಿಲಲ್ಲಿ, ನಿಮ್ಮ ತಂದೆಯವರ ಎದುರಿಗೆ, ನಾನು ನಿಮ್ಮನ್ನು ಕಳ್ಳ ಎಂದೆ. ಪ್ರೆಸ್ಸಿನವರು ಕಳೆದ ವಸ್ತುವಿಗೆ ನಿಮ್ಮನ್ನು ಹಾಗೆ ಅನ್ನಬಾರದಿತ್ತು. ಅಮ್ಮನ ದುವಾ ಕೇಳಿದ ಮೇಲೆ ನನಗೆ ನಾಚಿಕೆಯಾಯಿತು. ಮನ್ನಿಸಬೇಕು.

ಇಂತಿ,
ಖಾದರ


ರೋಣ
೩೦ ಮಾರ್ಚ್ ೨೦೨೫

ಖಾದರ,

ಇಂದು ನಮ್ಮಲ್ಲಿ ಯುಗಾದಿ, ನಿಮ್ಮಲ್ಲಿ ನಾಳೆಯೋ ನಾಡಿದ್ದೋ ಈದ್. ಹಬ್ಬದ ದಿನ ಇಂಥ ಕಾಗದ ಬರೆಯಬಾರದು. ಆದರೆ ಮೂರು ವಾರದಿಂದ ನಿನ್ನ ಕಾಗದ ಮೇಜಿನ ಮೇಲಿದೆ, ಅದರಲ್ಲಿ ನೀನು ನನಗೆ ಮನ್ನಿಸು ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಇನ್ನೊಂದು ಸುಳ್ಳು ಬರೆಯುವ ತಾಕತ್ತು ನನ್ನಲ್ಲಿ ಉಳಿದಿಲ್ಲ.

ನಾನು ಗದಗಿಗೆ ಹೋಗಲಿಲ್ಲ. ಹೋಗುವ ಅಗತ್ಯವೇ ಇರಲಿಲ್ಲ. ನಿನ್ನ ಅಜ್ಜನ ಫೋಟೋ ಕಳೆದಿಲ್ಲ. ಅದು ನಮ್ಮ ಪಡಸಾಲೆಯಲ್ಲಿ, ಗಾಜು ಹಾಕಿಸಿದ ಚೌಕಟ್ಟಿನಲ್ಲಿ ತೂಗುತ್ತಿದೆ. ಅದರ ಕೆಳಗೆ ನಮ್ಮ ಅಜ್ಜನ ಹೆಸರಿದೆ.

ಪೂರ್ತಿ ಹೇಳುತ್ತೇನೆ. ನಮ್ಮ ಅಜ್ಜನದು ಒಂದೂ ಫೋಟೋ ಇರಲಿಲ್ಲ. ಪುಸ್ತಕ ಮಾಡಿಸುವ ನರಗುಂದದ ಸಮಿತಿಯವರು “ಮುಖಾನ ಇಲ್ಲದ ಮನಿಶಾನ್ನ ಸಾಲೀ ಹುಡುಗರಿಗೆ ಹ್ಯಾಂಗ ತೋರಸೂದ್ರಿ ಮಾಸ್ತರ?” ಎಂದರು. ಅಲ್ಲಿ ಒಬ್ಬ ಸ್ಟುಡಿಯೋ ಕಲಾವಿದನಿದ್ದ, ಈಗ ತೀರಿಕೊಂಡಿದ್ದಾನೆ. “ಆ ಕಾಲದಾಗಿನ ಯಾರದರ ಒಂದ ಫೋಟೋ ಕೊಡ್ರಿ, ಅದರ ಮ್ಯಾಲೆ ನಿಮ್ಮಜ್ಜಾರನ್ನ ಎಬ್ಬಸತೀನಿ” ಎಂದ. ಆಗ ಸ್ಟುಡಿಯೋಗಳಲ್ಲಿ ಇದು ದಿನನಿತ್ಯದ ಕೆಲಸ. ಬಡವರಾಗಿ ಸತ್ತವರಿಗೆ ಕೋಟು ತೊಡಿಸುತ್ತಿದ್ದರು. ಮದುವೆಗೆ ಬರದ ಅಣ್ಣನನ್ನು ತಂದು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಅಂದು ನನ್ನ ಚೀಲದಲ್ಲಿ ಸುಭಾನಸಾಬರ ಫೋಟೋ ಇತ್ತು. ಊರು ಒಂದೇ, ಅಡ್ಡಹೆಸರು ಒಂದೇ, ಎಲುಬಿನ ಕಟ್ಟೂ ಒಂದೇ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಪ್ರತಿ ತೆಗೆದು ಪ್ರತಿಯ ಮೇಲೆ ಮಾಡು ಎಂದು ಹೇಳಿದ್ದೆ. ಇದು ಖರೇ. ಅವನು ಅವಸರದಲ್ಲಿ ಅಸಲಿನ ಮೇಲೇ ಕುಂಚ ಆಡಿಸಿಬಿಟ್ಟ. ನಾಲ್ಕು ದಿನ ಬಿಟ್ಟು ಹೋದರೆ ಟೋಪಿ ಹೋಗಿ ರುಮಾಲು ಬಂದಿತ್ತು. ಗಡ್ಡವಿರಲಿಲ್ಲ. ಹಣೆಗೆ ವಿಭೂತಿ ಬಂದಿತ್ತು. ಹುಬ್ಬಿನ ಗಾಯಕ್ಕೆ ಕಪ್ಪು ತುಂಬಿದ್ದ. ನಿಮ್ಮ ತಾಯಿಯವರು ಹೇಳಿದ ಮೂಗನ್ನೂ ನೆಟ್ಟಗೆ ಮಾಡಿದ್ದ.

ಅಲ್ಲಿಂದ ನೆಟ್ಟಗೆ ನಿನ್ನ ಅಂಗಡಿಗೆ ಬಂದು ಹೇಳಿದ್ದರೆ ನೀನು ಕತ್ತರಿ ಎತ್ತುತ್ತಿದ್ದೆ, ಒಂದು ತಿಂಗಳು ಮಾತು ಬಿಡುತ್ತಿದ್ದೆ, ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಮೊದಲು ಮನೆಗೆ ಹೋದೆ. ಅಲ್ಲಿ ನಮ್ಮಪ್ಪ ಕೂತಿದ್ದ. ಅಜ್ಜ ಜೈಲಿನಿಂದ ಬಂದು ಸತ್ತಾಗ ಅಪ್ಪ ಒಂದು ವರ್ಷದ ಕೂಸು. ತಂದೆಯ ಮುಖ ಅವನಿಗೆ ಗೊತ್ತೇ ಇರಲಿಲ್ಲ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿ ನೋಡಿಕೊಂಡು “ಹಿಂಗ ಇದ್ದಾನು” ಎನ್ನುತ್ತಿದ್ದ. ಅವನು ನನ್ನ ಕೈಯಿಂದ ಚಿತ್ರ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡ. ಅರವತ್ತೇಳು ವರ್ಷದ ಮನುಷ್ಯ, “ಎಲ್ಲಿ ಸಿಕ್ತೋ ಶಿವ್ಯಾ? ನಮ್ಮಪ್ಪಾ ಎಲ್ಲಿ ಸಿಕ್ಕಾ?” ಎಂದು ಅಳತೊಡಗಿದ.

ಇದು ಕಲಾವಿದ ಬರೆದದ್ದಪ್ಪಾ ಎಂದು ಹೇಳಲು ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು ಬೇರೆ. “ಜೈಲಿನ ದಫ್ತರದಾಗ ಸಿಕ್ತಪ್ಪಾ” ಎಂದೆ.

ಆಮೇಲೆ ಅದನ್ನು ನಿನಗೆ ಹಿಂದಿರುಗಿಸುವುದು ಹೇಗೆ? ತಪ್ಪನ್ನು ಪ್ರೆಸ್ಸಿನ ಮೇಲೆ ಹಾಕಿದೆ. ನೀನು ಬಾಗಿಲಲ್ಲಿ ನಿಂತು ಕಳ್ಳ ಎಂದಾಗ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ನಿನ್ನ ಅಜ್ಜನೇ ಇದ್ದ. ಒಳಗೆ ಬಂದಿದ್ದರೆ ನೋಡುತ್ತಿದ್ದೆ. ನೀನು ಒಳಗೆ ಬರದಿರಲೆಂದೇ ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.

ಅಪ್ಪ ಮತ್ತೆ ಹನ್ನೊಂದು ವರ್ಷ ಬದುಕಿದ. ದಿನಾ ಮುಂಜಾನೆ ಆ ಮುಖಕ್ಕೆ ಊದಿನಕಡ್ಡಿ ಹಚ್ಚಿ ಮಳೆ ಬೆಳೆ ಎಲ್ಲ ಹೇಳುತ್ತಿದ್ದ. ಬೀಗರು ಬಂದರೆ ನನ್ನ ತಮ್ಮ ದುರಗೇಶನನ್ನು ಪಕ್ಕದಲ್ಲಿ ನಿಲ್ಲಿಸಿ “ಮೂಗು ಥೇಟ ಅಜ್ಜಂದ ನೋಡ್ರಿ” ಎನ್ನುತ್ತಿದ್ದರು. ನಾನೂ ಹೌದು ಎಂದು ತಲೆಯಾಡಿಸುತ್ತಿದ್ದೆ.

ಪುಸ್ತಕ ನಿನ್ನಲ್ಲಿ ಉಳಿದಿದ್ದರೆ ತೆಗೆದು ನೋಡು. ಎಡಪುಟದಲ್ಲಿ ಸುಭಾನಸಾಬರ ಖಾಲಿ ಚೌಕ. ಎದುರಿನ ಪುಟದಲ್ಲಿ ಅವರದೇ ಮುಖ, ನಮ್ಮ ಅಜ್ಜನ ಹೆಸರಿನ ಮೇಲೆ. ಪುಸ್ತಕ ಮುಚ್ಚಿದರೆ ಆ ಮುಖ ಆ ಚೌಕದ ಮೇಲೆ ಸರಿಯಾಗಿ ಕೂಡುತ್ತದೆ. ಬೇಕೆಂದು ಮಾಡಿದ್ದಲ್ಲ. ಆದರೆ ಮೊದಲ ಸಲ ಕಂಡಾಗಿನಿಂದ ಆ ಪುಸ್ತಕವನ್ನು ನಾನು ಮುಚ್ಚಿ ಇಡಲಾರೆ, ತೆರೆದೂ ಇಡಲಾರೆ.

ರೋಣ, ನರಗುಂದ, ಗಜೇಂದ್ರಗಡ, ಮೂರೂ ತಾಲೂಕಿನ ಎಷ್ಟೋ ಶಾಲೆಗಳಲ್ಲಿ ಈಗ ಅದೇ ಚಿತ್ರ ತೂಗುತ್ತಿದೆ. ಮೂರ್ತಿ ಕೆತ್ತುವವನಿಗೂ ಅದನ್ನೇ ಕೊಟ್ಟಿದ್ದೇವೆ. ನಾನು ಏನು ಮಾಡಲಿ ಎಂದು ಕೇಳಿ ಅದನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ.

ನೀನು ಆವತ್ತು ಹೇಳಿದ್ದೇ ಸರಿ.

ಶಿವನಪ್ಪ


ಗಜೇಂದ್ರಗಡ
೪ ಮೇ ೨೦೨೫

ಶಿವ್ಯಾ,

ಒಂದು ತಿಂಗಳು ನಿನ್ನ ಕಾಗದ ಮಷೀನಿನ ಡ್ರಾದಲ್ಲಿತ್ತು. ದಾರದ ಉಂಡೆ ತೆಗೆಯಲು ಕೈ ಹಾಕಿದರೆ ಅದೇ ಸಿಗುತ್ತಿತ್ತು. ಎರಡು ಜಂಪರು ಕೆಡಿಸಿದೆ. ಗಿರಾಕಿಗಳು “ಖಾದರಭಾಯಿ, ಮೈ ಹುಷಾರಿಲ್ಲೇನ್ರಿ?” ಎಂದು ಕೇಳಿದರು.

ರಿಸಲ್ಟ್ ಕೇಳುವ ನೆವ ಮಾಡಿಕೊಂಡು ಮೊಮ್ಮಗಳು ನಿಲೋಫರಳ ಶಾಲೆಗೆ ಹೋದೆ. ಹೆಡ್ಮಾಸ್ತರರ ಕೋಣೆಯಲ್ಲಿ ಕಪಾಟಿನ ಮೇಲೆ ಆ ಚಿತ್ರವಿದೆ. ನೂರು ಸಲ ನೋಡಿದ್ದೆ. ಹೋದ ವರ್ಷ ಗಾಂಧಿ ಜಯಂತಿಗೆ ಅದಕ್ಕೆ ಹಾರ ಹಾಕಲು ನಿಲೋಫರಳನ್ನೇ ಸ್ಟೂಲಿನ ಮೇಲೆ ನಿಲ್ಲಿಸಿದ್ದರು. ಅದರ ವಿಡಿಯೋ ನಮ್ಮ ಮನೆಯವರೆಲ್ಲರ ಮೊಬೈಲಿನಲ್ಲಿದೆ. ಈ ಸಲ ನಿಂತು ನೋಡಿದೆ. ರುಮಾಲಿನ ಕೆಳಗೆ ಕಿವಿ ಕಂಡವು. ನಿನ್ನ ಕಲಾವಿದ ಕಿವಿ ಮುಟ್ಟಿಲ್ಲ.

ಹೆಡ್ಮಾಸ್ತರರು “ನಿಮ್ಮ ಅಡ್ಡಹೆಸರಿನವರ ಅಲ್ರಿ ಇವರು? ನಿಮಗೇನರ ಸಂಬಂಧೇನ್ರಿ?” ಎಂದರು.

“ಇಲ್ರಿ” ಎಂದೆ.

ಹೊರಗೆ ಬಂದು ಶಾಲೆಯ ಕಟ್ಟೆಯ ಮೇಲೆ ಕೂತೆ. ನನ್ನ ಬಾಯಿಂದಲೇ ಇಲ್ಲ ಅನ್ನಿಸಿದೆಯಲ್ಲೋ.

ವಿಭೂತಿ ಹಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಬೇರೆ ಇದೆ, ಕೇಳು. ನಿಮ್ಮಪ್ಪನ ಕಣ್ಣೀರು ನೋಡಿ ಸುಳ್ಳು ಹೇಳಿದೆ ಎಂದು ಬರೆದಿದ್ದೀಯ. ಆ ಮುದುಕನ ಮುಂದೆ ನಾನಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದೆ. ಹನ್ನೊಂದು ವರ್ಷ ನಿಮ್ಮಪ್ಪನಿಗಾಗಿ ಸುಮ್ಮನಿದ್ದೆ ಎಂದೇ ಇಟ್ಟುಕೊಳ್ಳೋಣ. ಅವನು ತೀರಿ ಹದಿನಾರು ವರ್ಷವಾಯಿತು. ಆ ಹದಿನಾರು ವರ್ಷ ಯಾರಿಗಾಗಿ ಸುಮ್ಮನಿದ್ದೆ? ಅದರಲ್ಲಿ ಮೊದಲ ಆರು ವರ್ಷ ನಮ್ಮಮ್ಮನ ಕಣ್ಣು ಚಲೋ ಇದ್ದವು. ಸೂಜಿಗೆ ದಾರ ಅವಳೇ ಪೋಣಿಸಿ ಕೊಡುತ್ತಿದ್ದಳು. ರೋಣದಿಂದ ಗಜೇಂದ್ರಗಡಕ್ಕೆ ಬರಲು ನಿನಗೆ ಬಸ್ಸು ಸಿಗಲಿಲ್ಲವೇ?

ನಾನು ಕೇಳಿದ ಕ್ಷಮೆಯನ್ನು ವಾಪಸು ತೆಗೆದುಕೊಂಡಿದ್ದೇನೆ.

ಫೋಟೋ ಕಳಿಸು. ನೀನು ಬರಬೇಡ. ನರಗುಂದದಲ್ಲಿ ಕಲ್ಲು ನಿಲ್ಲುವುದರೊಳಗೆ ಯಾರಿಗೆ ಹೇಳಬೇಕೋ ಅವರಿಗೆ ಹೇಳು. ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಸಂಜಿಗೊಮ್ಮೆ “ಮಾಸ್ತರ ಗದಗದಿಂದ ಬಂದನೇನು?” ಎಂದು ಕೇಳುತ್ತಾಳೆ. ಬಸ್ಸು ಕೆಟ್ಟಿದೆ, ಕಪಾಟಿನ ಕೀಲಿ ಸಿಕ್ಕಿಲ್ಲ ಎಂದು ದಿನಕ್ಕೊಂದು ಹೇಳುತ್ತಿದ್ದೇನೆ. ನಿನ್ನ ಕೆಲಸ ನನಗೂ ಕಲಿಸಿದೆ.

ಖಾದರ


ರೋಣ
೧೫ ಜೂನ್ ೨೦೨೫

ಖಾದರ,

ಹದಿನಾರು ವರ್ಷ ಯಾರಿಗಾಗಿ ಎಂದು ಕೇಳಿದೆ. ನನಗಾಗಿ. ಕಾರ್ಯಕ್ರಮಗಳಲ್ಲಿ ‘ಕನಕಪ್ಪನವರ ಮೊಮ್ಮಗ’ ಎಂದು ಸ್ಟೇಜಿನ ಮೇಲೆ ಕರೆಯುತ್ತಿದ್ದರು, ಶಾಲು ಹೊದಿಸುತ್ತಿದ್ದರು. ಟ್ರಂಕಿನಲ್ಲಿ ಹನ್ನೆರಡು ಶಾಲುಗಳಿವೆ. ಇಷ್ಟು ಸಣ್ಣ ಕಾರಣಕ್ಕೆ ನಿನ್ನ ತಾಯಿಯವರ ಆರು ವರ್ಷ ತಿಂದೆ ಎಂದು ಬರೆಯಲು ಕೈ ಏಳುವುದಿಲ್ಲ. ಆದರೂ ಅದೇ ನಿಜ.

ನರಗುಂದಕ್ಕೆ ಹೋಗಿ ಸಮಿತಿಯವರ ಎದುರು ಎಲ್ಲ ಹೇಳಿದೆ. ಅಧ್ಯಕ್ಷ ಭೀಮೇಶ ನನ್ನ ಹಳೆಯ ವಿದ್ಯಾರ್ಥಿ. ಕುರ್ಚಿಯಿಂದ ಎದ್ದೇ ಬಿಟ್ಟ.

“ಮಾಸ್ತರ, ಕಲ್ಲು ಕೆತ್ತಿ ಮುಗದೈತ್ರಿ. ಮುಖಾ ಯಾರದಾದ್ರ ಏನ್ರಿ ಈಗ? ಕೆಳಗ ಹೆಸರು ಅಜ್ಜಾರದ ಐತಲ್ಲ.”

“ಆ ಮುಖಕ್ಕ ಒಬ್ಬಾಕಿ ಮಗಳು ಅದಾಳಪ್ಪಾ, ಗಜೇಂದ್ರಗಡದಾಗ. ಅಪ್ಪನ್ನ ಹುಡಕಾಕತ್ತಾಳ” ಎಂದೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು “ಹಂಗಾದ್ರ ಇಷ್ಟು ವರ್ಷ ನಾವು ಯಾರಿಗೆ ಹಾರ ಹಾಕಿದಿವ್ರಿ?” ಎಂದರು. “ಒಬ್ಬ ಪೇಟಿ ಮಾಸ್ತರಗ” ಎಂದೆ. ಕೆಲವರು ನಕ್ಕರು, ಕೆಲವರು ನಗಲಿಲ್ಲ. ಪೇಪರಿನವರಿಗೆ ನಾನೇ ಬರೆದು ಕೊಡುತ್ತೇನೆ ಎಂದ ಮೇಲೆ ಮೂರ್ತಿ ಕೂಡಿಸುವುದನ್ನು ಬಿಟ್ಟರು. ಹೆಸರಿನ ಕಲ್ಲೊಂದೇ ನಿಲ್ಲುತ್ತದೆ. ಶಾಲೆಗಳಿಗೆಲ್ಲ ಚಿತ್ರ ಇಳಿಸಿರೆಂದು ಒಂದೊಂದು ಕಾಗದ ಬರೆದೆ. ಮೂವರು ಉತ್ತರ ಕೊಟ್ಟಿದ್ದಾರೆ. ಅವರಲ್ಲೊಬ್ಬರು ಆ ಮೊಳೆಗೆ ಈಗ ಏನು ತೂಗುಹಾಕಬೇಕು ಎಂದು ಕೇಳಿದ್ದಾರೆ.

ತಮ್ಮ ದುರಗೇಶ ಬಂದು ಪಡಸಾಲೆಯ ಗೋಡೆ ನೋಡಿದ. “ಅಪ್ಪ ಸತ್ತು ಹದಿನಾರು ವರ್ಷ ಆತು. ಇವತ್ತ ಅಪ್ಪನ ಅಪ್ಪನ್ನೂ ಕೊಂದಿ” ಎಂದು ಹೇಳಿ ಹೋದ. ಅವನು ಇನ್ನು ನನ್ನ ಮನೆಗೆ ಬರಲಾರ.

ಬಣ್ಣ ತೆಗೆಸಲಾದೀತೇ ಎಂದು ಹುಬ್ಬಳ್ಳಿಗೆ ಒಯ್ದಿದ್ದೆ. ಹಳೇ ಫೋಟೋ ಬಲ್ಲ ಒಬ್ಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಬಣ್ಣ ಕಾಗದದೊಳಕ್ಕೆ ಇಳಿದಿದೆ, ತೆಗೆಯಲು ಹೋದರೆ ಕೆಳಗಿನ ಮುಖವೂ ಎದ್ದು ಬರುತ್ತದೆ ಎಂದರು. ಅವರ ಮಗ ಕಂಪ್ಯೂಟರಿನಲ್ಲಿ ಟೋಪಿ, ಗಡ್ಡ ಎಲ್ಲ ಮತ್ತೆ ಹಾಕಿ ಕೊಡುತ್ತೇನೆಂದ. ಬೇಡ ಎಂದೆ. ಅದು ಇನ್ನೊಂದು ಸುಳ್ಳು ಮುಖವಾಗುತ್ತಿತ್ತು.

ಚೌಕಟ್ಟನ್ನು ನಮ್ಮಪ್ಪನ ಧೋತರದಲ್ಲಿ ಸುತ್ತಿ ಮುಂಜಾನೆಯ ಗಜೇಂದ್ರಗಡ ಬಸ್ಸಿನ ಕಂಡಕ್ಟರ್ ಕಾಶೀಂಸಾಬರ ಕೈಯಲ್ಲಿ ಕೊಟ್ಟಿದ್ದೇನೆ. ಸ್ಟ್ಯಾಂಡಿನಲ್ಲಿ ಇಸಿದುಕೋ. ನಾನು ಬರುವುದಿಲ್ಲ. ನೀನು ಹೇಳಿದಂತೆಯೇ ಆಗಲಿ.

ತಪ್ಪಿತಸ್ಥ,
ಶಿವನಪ್ಪ


ಗಜೇಂದ್ರಗಡ
೨೦ ಜುಲೈ ೨೦೨೫

ಶಿವನಪ್ಪ,

ಚೌಕಟ್ಟು ಬಂದು ತಿಂಗಳ ಮೇಲಾಯಿತು. ಮೊದಲ ಎಂಟು ದಿನ ಅಂಗಡಿಯಲ್ಲಿ ಅಸ್ತರಿನ ಬಟ್ಟೆಯ ಹಿಂದೆ ಇಟ್ಟಿದ್ದೆ. ಕೊನೆಗೆ ಒಂದು ಮುಂಜಾನೆ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ನಿನ್ನ ಹೆಸರು ಮುಚ್ಚಿಡಲಿಲ್ಲ. ನಿಮ್ಮಪ್ಪ ಅತ್ತದ್ದನ್ನೂ ಬಿಡಲಿಲ್ಲ. ಅವಳು ತಸಬಿಯ ಮಣಿ ಎಣಿಸುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ ಮುಗಿದ ಮೇಲೆ “ತಾ” ಎಂದಳು.

ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟು “ಇವ ಅಲ್ಲ. ಇವ ಯಾರೋ ಗೌಡ” ಎಂದಳು.

ಇಷ್ಟೆಲ್ಲ ಆಗಿ ಇದೇ ಮಾತು ಕೇಳಬೇಕಾಯಿತೇ ಎಂದು ಅದನ್ನು ಧೋತರದಲ್ಲಿ ಸುತ್ತತೊಡಗಿದೆ. “ತಡಿ” ಎಂದಳು. ಮತ್ತೆ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಅಂಗೈಯನ್ನು ಅಗಲ ಮಾಡಿ, ರುಮಾಲಿನಿಂದ ಗದ್ದದವರೆಗೆ ಮುಖವನ್ನು ಪೂರ್ತಿ ಮುಚ್ಚಿದಳು. ಕೆಳಗೆ ಎರಡು ಕೈ ಉಳಿದವು. ಪುಸ್ತಕದಲ್ಲಿ, ಶಾಲೆಯಲ್ಲಿ ಇರುವುದು ಎದೆಯ ಮಟ ಅಷ್ಟೇ ನೋಡು, ಅದಕ್ಕೇ ಈ ಕೈಗಳನ್ನು ನಾನು ಕಂಡಿರಲಿಲ್ಲ. ಬಲಗೈ ಬೆರಳು ಮೊಣಕಾಲ ಮೇಲೆ ಸುಮ್ಮನೆ ಮಲಗಿಲ್ಲ, ಪೇಟಿಯ ಮನೆಗಳ, ಆ ಕರಿ ಬಿಳಿ ಪಟ್ಟಿಗಳ ಮೇಲೆ ಇಟ್ಟಂತೆ ಒಂದೊಂದೂ ಒಂದೊಂದು ಎತ್ತರದಲ್ಲಿವೆ. ಎಡಗೈ ಪೇಟಿಯ ತಿದಿಗೆ ಗಾಳಿ ಹಾಕಲು ಎಂಬಂತೆ ಅರ್ಧ ತೆರೆದಿದೆ.

“ಇದು ನೋಡು” ಎಂದಳು. “ಇದು ಅಬ್ಬಾನ ಕೈ.” ತನ್ನ ಬೆರಳುಗಳನ್ನು ಆ ಬೆರಳುಗಳ ಮೇಲೆ ಇಟ್ಟು ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ.

ಅಂದಿನಿಂದ ಚಿತ್ರ ಅವಳ ಹಾಸಿಗೆಯ ಬಳಿಯೇ ಇದೆ. ಮುಂಜಾನೆ ಎದ್ದು ಸೆರಗಿನ ತುದಿ ಒದ್ದೆ ಮಾಡಿಕೊಂಡು ಗಾಜು ಒರೆಸುತ್ತಾಳೆ. ಧೂಳು ಒರೆಸುತ್ತಾಳೆ ಎಂದುಕೊಂಡಿದ್ದೆ. ನಿನ್ನೆ ಪಕ್ಕದಲ್ಲಿ ಕೂತು ನೋಡಿದೆ. ಹಣೆಯ ಮೇಲೆ, ಎಡಹುಬ್ಬಿನ ಮೇಲೆ, ಗದ್ದದ ಮೇಲೆ ಮಾತ್ರ ಒರೆಸುತ್ತಾಳೆ.

“ಖಾದರ, ಈ ಗಾಜು ತಗಸಿ ಕೊಡು. ಮ್ಯಾಲಿಂದ ಒರಸಿದ್ರ ಲಗೂ ಹೋಗವಲ್ದು” ಎಂದಳು. “ಮೂಗಿನ ಹತ್ರ ಒಂದೀಟ ಹೋಗೇತಿ ನೋಡು. ವಾಲಿದ್ದು ಕಾಣಾಕತ್ತೇತಿ.”

ಏನೂ ಹೋಗಿಲ್ಲ ಶಿವನಪ್ಪ. ನಿನ್ನ ಕಲಾವಿದ ಮಾಡಿದ ಮೂಗು ಹಾಗೆಯೇ ನೆಟ್ಟಗಿದೆ. ನಾನು ಬಗ್ಗಿ ನೋಡಿ “ಹೌದಮ್ಮಾ, ಒಂದೀಟ ಹೋಗೇತಿ” ಎಂದೆ. ಅವಳು ನಕ್ಕಳು. ನೀನು ನಿಮ್ಮಪ್ಪನ ಮುಂದೆ ನಿಂತದ್ದು ಆಗ ನನಗೆ ಕಣ್ಣಿಗೆ ಕಟ್ಟಿತು. ಇದರಿಂದ ನಿನ್ನ ತಪ್ಪು ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕೂತೆ, ಬರೆಯಲಾಗಲಿಲ್ಲ.

ಗಾಜು ತೆಗೆಸಿ ಕೊಟ್ಟರೆ ಎರಡು ದಿನದಲ್ಲಿ ಒದ್ದೆ ಸೆರಗಿಗೆ ಮುಖವೂ ಉಳಿಯುವುದಿಲ್ಲ, ಆ ಕೈಗಳೂ ಉಳಿಯುವುದಿಲ್ಲ. ತೆಗೆಸದಿದ್ದರೆ ದಿನಾ ಕೇಳುತ್ತಾಳೆ. ನಾನು ದಿನಾ ಒಂದೀಟು ಹೋಗಿದೆ ಎನ್ನುತ್ತಾ ಹೋಗಬೇಕು. ಇವತ್ತು ಮುಂಜಾನೆಯೂ ಅಂದೆ. ಅದು ಹೋಗುವ ಬಣ್ಣವಲ್ಲ ಎಂದು ಅವಳಿಗೆ ಯಾರಾದರೂ ಹೇಳಲೇಬೇಕು. ನನ್ನಿಂದ ಆಗುವುದಿಲ್ಲ, ಹೇಳಬೇಕಾದವನೂ ನಾನಲ್ಲ.

ಬರಬೇಡ ಎಂದು ಬರೆದಿದ್ದೆ. ಬಾ. ಬಂದು ಅವಳ ಎದುರು ಕೂತು ನಿನ್ನ ಬಾಯಿಂದ ನೀನೇ ಹೇಳು.

ಖಾದರ